ಬದುವಿನ ಮುತ್ತಲ, ಅಂಗಳದ ಲೋಳೆಸರ

ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಬೀದರ್‌ನಿಂದ ಔರಾದ್ ಕಡೆ ಹೊರಟರೆ, ಸಂತಪುರದ ಸುತ್ತಮುತ್ತ ಬದುಗಳ ಮೇಲೆ, ಹಳ್ಳದ ದಂಡೆಗಳಲ್ಲಿ ಎಲೆಯೇ ಇಲ್ಲದ ಗಿಡಗಳು ಕೆಂಡ ಹೊತ್ತು ನಿಂತಂತೆ ಕಾಣುತ್ತವೆ. ಅದು ಮುತ್ತಲ. ಮರಾಠಿ ಮಾತಾಡುವವರಿಗೆ ಪಳಸ, ತೆಲುಗಿನವರಿಗೆ ಮೋದುಗ, ತಾಂಡಾಗಳಲ್ಲಿ ಕೇಸುಲಾ, ಶಾಲೆಯ ಪುಸ್ತಕದಲ್ಲಿ ಮುತ್ತುಗ. ನಾಲ್ಕು ಭಾಷೆ ಆಡುವ ನಮ್ಮ ಗಡಿನಾಡಿನಲ್ಲಿ ಒಂದೇ ಗಿಡಕ್ಕೆ ನಾಲ್ಕು ಹೆಸರು.

ಈ ಗಿಡ ಹೂವಾಗುವ ಹೊತ್ತಿಗೇ ಸಂಘದ ಪುಸ್ತಕದಲ್ಲಿ ಹಾಲಿನ ಲೆಕ್ಕ ಇಳಿಯಲು ಶುರುವಾಗುತ್ತದೆ. ಸೋಯಾ ದೀಪಾವಳಿಯೊಳಗೆ ಮುಗಿದಿರುತ್ತದೆ, ತೊಗರಿ ಮನೆ ಸೇರಿರುತ್ತದೆ, ಕಡಲೆಯ ರಾಶಿಯೂ ಆಗಿರುತ್ತದೆ. ಹೊಲದಲ್ಲಿ ಕೂಲಿ ಇಲ್ಲ. ಕಣಿಕೆಯ ಬಣವಿ ಅರ್ಧಕ್ಕೆ ಬಂದಿದೆ. ಬಿಸಿಲಿಗೆ ಎಮ್ಮೆ ಏದುಸಿರು ಬಿಡುತ್ತದೆ, ಹಾಲು ಕಡಿಮೆ ಕೊಡುತ್ತದೆ. ಖರ್ಚು ಮಾತ್ರ ಇಳಿಯುವುದಿಲ್ಲ. ಹಿಂಡಿಯ ಚೀಲಕ್ಕೆ, ಮಗಳ ಪರೀಕ್ಷೆಯ ಫೀಸಿಗೆ, ಊರ ಜಾತ್ರೆಗೆ ಬರುವ ನೆಂಟರಿಗೆ ಎಲ್ಲಕ್ಕೂ ಬೇಕಾದದ್ದು ಅದೇ ಬಟವಾಡೆಯ ಹಣ. ಈ ನಾಲ್ಕು ತಿಂಗಳನ್ನು ನಮ್ಮ ಅಜ್ಜಿಯರು ಹೇಗೆ ದಾಟಿದರು ಎಂದು ಕೇಳಿದರೆ ಅರ್ಧ ಉತ್ತರ ಬದುವಿನ ಮೇಲೆಯೇ ಇದೆ.

ಮುತ್ತಲದ ಹೂವು ಉದುರಿ, ಏಪ್ರಿಲ್ ಮೇ ಹೊತ್ತಿಗೆ ಹೊಸ ಎಲೆ ಬರುತ್ತದೆ. ಒಂದು ತೊಟ್ಟಿಗೆ ಮೂರು ಎಲೆ, ಅಂಗೈ ಅಗಲ. ಎಲೆ ತೀರಾ ಎಳೆಯದಿದ್ದರೆ ಹರಿಯುತ್ತದೆ, ಬಲಿತರೆ ಒರಟಾಗಿ ಸೀಳುತ್ತದೆ. ನಡುವಿನ ಹದ ನೋಡಿ ಬೆಳಗಿನ ತಂಪಿನಲ್ಲಿ ಕೊಯ್ಯಬೇಕು. ಸಣ್ಣ ಕಡ್ಡಿ ಚುಚ್ಚಿ ಹೊಲಿದರೆ ಪತ್ರಾವಳಿ, ಮಡಚಿದರೆ ದೊನ್ನೆ. ಒಣಗಿಸಿ, ಭಾರ ಹೇರಿ ಇಟ್ಟರೆ ಮಳೆಗಾಲದ ಮದುವೆಗೂ ಬರುತ್ತದೆ. ಒಮ್ಮೆ ನಮ್ಮ ಊರುಗಳಲ್ಲಿ ಜಾತ್ರೆಯ ದಾಸೋಹವೆಲ್ಲ ಇದೇ ಎಲೆಯ ಮೇಲೆ ಆಗುತ್ತಿತ್ತು. ಆಮೇಲೆ ಹೊಳಪಿನ ಪ್ಲೇಟು ಬಂತು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿತು, 2022ರ ಜುಲೈ 1ರಿಂದ ದೇಶದಾದ್ಯಂತವೂ ಅವು ನಿಷಿದ್ಧ. ನಿಷೇಧವಾಗಿ ಇಷ್ಟು ವರ್ಷವಾದರೂ ಮದುವೆ ಮನೆಯ ಹಿತ್ತಲಲ್ಲಿ ಏನು ಬಿದ್ದಿರುತ್ತದೆ ಎಂದು ನಿಮಗೇ ಗೊತ್ತು. ಬೆಳಿಗ್ಗೆ ಅದೇ ತಟ್ಟೆಯನ್ನು ಅನ್ನದ ವಾಸನೆಗೆ ಆಕಳು ನೆಕ್ಕುತ್ತದೆ, ನುಂಗುತ್ತದೆ. ಪ್ಲಾಸ್ಟಿಕ್ ಹೊಟ್ಟೆಯಲ್ಲಿ ಕರಗುವುದಿಲ್ಲ, ಗಂಟಾಗಿ ಉಳಿಯುತ್ತದೆ. ಪತ್ರಾವಳಿಯನ್ನು ದನ ತಿಂದರೆ ನಷ್ಟವೇನೂ ಇಲ್ಲ, ಕಡ್ಡಿಗಳನ್ನು ತೆಗೆದು ಹಾಕಿದರಾಯಿತು.

ಸಂಘದ ಸದಸ್ಯೆಯರು ಗುಂಪಾಗಿ ಈ ಕೆಲಸ ಹಿಡಿಯುವುದಾದರೆ ಒಂದು ಮಾತು. ಬಿಡಿ ಎಲೆಯನ್ನು ವ್ಯಾಪಾರಿಗೆ ಮಾರಿದರೆ ಕೈಗೆ ಬರುವುದು ಕೊಯ್ದ ಕೂಲಿ ಮಾತ್ರ. ಹೊಲಿದು, ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ಎಣಿಸಿ ಕಟ್ಟು ಕಟ್ಟಿ, ಅಡುಗೆ ಗುತ್ತಿಗೆಯವರಿಗೂ ಮಠಗಳ ದಾಸೋಹಕ್ಕೂ ನೇರವಾಗಿ ಕೊಟ್ಟರೆ ಮಾತ್ರ ಅದು ದುಡಿಮೆ ಎನಿಸುತ್ತದೆ. ಹಾಲಿನ ವಿಷಯದಲ್ಲಿ ಸಹಕಾರ ಸಂಘ ಕಟ್ಟಿದ್ದೂ ಇದೇ ಲೆಕ್ಕಕ್ಕೆ ಅಲ್ಲವೇ?

ಎಲೆಯೊಂದೇ ಅಲ್ಲ. ಮೇವು ತೀರಿದಾಗ ಮುತ್ತಲದ ಸೊಪ್ಪನ್ನು ಎಮ್ಮೆಗೆ ಹಾಕುವ ರೂಢಿ ಹಳೆಯದು. ಎಮ್ಮೆ ತಿನ್ನುತ್ತದೆ, ಆಕಳು ಅಷ್ಟಾಗಿ ಮೂಸುವುದಿಲ್ಲ. ಬೇರಿನ ನಾರನ್ನು ಬಡಿದು ಹಗ್ಗ ಹೊಸೆಯುತ್ತಿದ್ದರು. ತೊಗಟೆಯಿಂದ ಒಸರುವ ಕೆಂಪು ಗೋಂದು ಬಾಣಂತಿಯ ಲಾಡುವಿಗೆ ಬೀಳುತ್ತದೆ, ಅಂಗಡಿಯಲ್ಲಿ ಅದನ್ನೇ ಕಮರ್‌ಕಸ್ ಎಂದು ಕೇಳಿ ತರುತ್ತೇವೆ. ಹೂವನ್ನು ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಓಕುಳಿಯ ಬಣ್ಣ. ಕಪ್ಪು ಎರೆ ನೆಲದಲ್ಲಿ, ಮಳೆಗಾಲದಲ್ಲಿ ನೀರು ನಿಂತು ಬೇಸಿಗೆಯಲ್ಲಿ ಬಿರುಕು ಬಿಡುವ ಜಾಗದಲ್ಲೂ ಈ ಗಿಡ ಬದುಕುತ್ತದೆ. ಕಡಿದರೆ ಬೇರಿನಿಂದ ಮತ್ತೆ ಚಿಗುರುತ್ತದೆ. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ.

ಹಾಗಿದ್ದರೂ ಕಡಿಮೆಯಾಗುತ್ತಿದೆ. ಸೋಯಾ ಬಂದ ಮೇಲೆ ಟ್ರ್ಯಾಕ್ಟರ್ ತಿರುಗಲು ಜಾಗ ಬೇಕೆಂದು ಬದು ಸಣ್ಣದಾಯಿತು. ಉಳಿದ ಬದುವಿನ ಮೇಲೆ ಕಳೆನಾಶಕ ಬಿತ್ತು. ಗಾಯರಾಣ ಜಮೀನು ಒತ್ತುವರಿಯಾಯಿತು. ಹೊಲದ ಯಜಮಾನನಿಗೆ ಬದು ಸ್ವಚ್ಛವಾದ ಸಮಾಧಾನ. ಹುಲ್ಲಿನ ಹೊರೆ, ಎಲೆ, ಉರುವಲು ತರಲು ಇನ್ನೊಂದು ಮೈಲಿ ನಡೆಯಬೇಕಾದವಳು ಮನೆಯೊಡತಿ. ಬದು ತೆಗೆಸುವ ಮಾತು ಮನೆಯಲ್ಲಿ ಬಂದಾಗ ಈ ಲೆಕ್ಕವನ್ನು ಯಾರಾದರೂ ಕೂಡಿಸುತ್ತಾರೆಯೇ? ಜೋಳ ಬಿತ್ತಿದರೆ ಕಾಳಿನ ಜೊತೆ ಕಣಿಕೆ ಸಿಗುತ್ತಿತ್ತು. ಸೋಯಾ ಹೊಟ್ಟು ಕಣಿಕೆಗೆ ಸಾಟಿಯಲ್ಲ. ಒಂದು ಕಡೆ ಕಣಿಕೆ ಹೋಯಿತು, ಇನ್ನೊಂದು ಕಡೆ ಬದುವಿನ ಹಸಿರು ಹೋಯಿತು, ಅಷ್ಟೂ ಹಿಂಡಿಯ ಅಂಗಡಿಯ ಬಾಕಿಗೆ ಸೇರಿತು.

ಖಾಲಿಯಾದ ಬದು ಖಾಲಿಯಾಗಿಯೂ ಉಳಿಯುವುದಿಲ್ಲ. ನಾಟಿ ಹುಲ್ಲು ಸತ್ತ ಜಾಗಕ್ಕೆ ಕಾಂಗ್ರೆಸ್ ಕಸ ಬರುತ್ತದೆ. ಬೇರೆ ಮೇವಿಲ್ಲದೆ ಅದನ್ನು ತಿಂದ ಆಕಳ ಹಾಲು ಕಹಿಯಾಗುತ್ತದೆ, ಕಿತ್ತವರ ಕೈ ಕಡಿಯುತ್ತದೆ. ಹಾಗೆಯೇ ಬಳ್ಳಾರಿ ಜಾಲಿ. ನಮ್ಮ ಕರಿಜಾಲಿಗೂ ಇದಕ್ಕೂ ವ್ಯತ್ಯಾಸ ಗುರುತಿಸುವುದು ಸುಲಭ: ಕರಿಜಾಲಿಯ ಕಾಯಿ ಮಣಿಸರದಂತೆ ಗಂಟು ಗಂಟಾಗಿ ಹಿಸುಕಿದಂತಿರುತ್ತದೆ, ಬಳ್ಳಾರಿ ಜಾಲಿಯದು ಹಳದಿಯಾಗಿ ನೀಳವಾಗಿರುತ್ತದೆ. ಕರಿಜಾಲಿ ಕಾಯಿಯನ್ನು ಒಣಗಿಸಿ ಕುಟ್ಟಿ ಆಡಿಗೆ, ಸ್ವಲ್ಪ ಪ್ರಮಾಣದಲ್ಲಿ ದನಕ್ಕೆ ಬೇರೆ ಮೇವಿನ ಜೊತೆ ಕೊಡುವುದು ರೂಢಿ. ಒಗರು ಹೆಚ್ಚಿರುವುದರಿಂದ ಅದನ್ನೇ ಹೊಟ್ಟೆ ತುಂಬ ಹಾಕಬಾರದು. ಬಳ್ಳಾರಿ ಜಾಲಿಯ ಕಾಯಿ ಸಿಹಿ, ದನ ಆಸೆಯಿಂದ ತಿನ್ನುತ್ತದೆ, ಆದರೆ ಬಹಳ ದಿನ ಅದರ ಮೇಲೇ ಮೇಯ್ದ ದನದ ದವಡೆಯ ನರ ಸೋತು ಮೆಲುಕು ಹಾಕಲಾಗದೆ ಬಾಯಿ ಓರೆಯಾಗುತ್ತದೆ. ಇನ್ನು ಗುಡಿಯ ಅಂಗಳದ ಕಣಗಿಲೆ. ಕತ್ತರಿಸಿದ ಕೊಂಬೆಗಳನ್ನು ದಯವಿಟ್ಟು ದನ ತಿರುಗುವಲ್ಲಿ ಎಸೆಯಬೇಡಿ. ಅದರ ಎಲೆ ಒಣಗಿದರೂ ವಿಷವೇ.

ಈಗ ಅಂಗಳಕ್ಕೆ ಬರೋಣ. ಸಂಘಕ್ಕೆ ಕ್ಯಾನು ತಂದಾಗ ಹಾಲು ಪರೀಕ್ಷಕ, "ಅಕ್ಕಾ, ಮನೀಗೆ ಹೋಗಿ ಕೆಚ್ಚಲ ನೋಡ್ರಿ" ಎಂದರೆ ಎದೆ ಧಸಕ್ಕೆನ್ನುತ್ತದೆ. ಕೆಚ್ಚಲು ಬಾವು ಒಂದು ಮೊಲೆಯನ್ನು ಬತ್ತಿಸಿದರೆ ಆ ಸೂಲಿನ ಕಾಲು ಭಾಗ ಹಾಲು ಹೋದಂತೆ, ಎಷ್ಟೋ ಸಲ ಮುಂದಿನ ಸೂಲಿಗೂ ಅದು ಮರಳುವುದಿಲ್ಲ. ಹಾಗೆಂದು ಪ್ರತಿ ಬಾವಿಗೂ ಇಂಜೆಕ್ಷನ್ ಎಂದರೆ ಖರ್ಚು ಒಂದು ಕಡೆ, ಆ ಹಾಲಿನಲ್ಲಿ ಪ್ರತಿಜೀವಕದ ಅಂಶ ಉಳಿಯುವುದು ಇನ್ನೊಂದು ಕಡೆ. ಕುದಿಸಿದರೆ ಅದು ಹೋಗುತ್ತದೆ ಎಂದು ನಂಬಬೇಡಿ. ಅಂಥ ಹಾಲಿನಲ್ಲಿ ಮೊಸರೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಇಲ್ಲಿ ಅಜ್ಜಿಯರ ಮದ್ದಿಗೆ ಈಗ ವಿಜ್ಞಾನಿಗಳ ಬೆಂಬಲವಿದೆ. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಪ್ರೊ. ಎಂ.ಎನ್. ಬಾಲಕೃಷ್ಣನ್ ನಾಯರ್ ಮತ್ತು ತಮಿಳುನಾಡಿನ ಪ್ರೊ. ಎನ್. ಪುಣ್ಯಮೂರ್ತಿ ಅವರು ಹಳ್ಳಿಯ ಪಶು ಮದ್ದುಗಳನ್ನು ಕಲೆಹಾಕಿ, ಪರಿಶೀಲಿಸಿ, ಅಳತೆ ಗೊತ್ತುಮಾಡಿದರು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಅದನ್ನು ದೇಶದ ಹಾಲು ಒಕ್ಕೂಟಗಳ ಮೂಲಕ ಹರಡುತ್ತಿದೆ. ಕೆಚ್ಚಲು ಬಾವಿಗೆ ಅವರ ಅಳತೆ ಹೀಗಿದೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆ ಅಡಿಕೆಗೆ ಹಚ್ಚುವ ಸುಣ್ಣ 15 ಗ್ರಾಂ. ಲೋಳೆಸರದ ಅಂಚಿನ ಮುಳ್ಳು ತೆಗೆದು, ಸಿಪ್ಪೆ ಲೋಳೆ ಎರಡನ್ನೂ ಸೇರಿಸಿ ಮಿಕ್ಸಿಯಲ್ಲೋ ಒರಳಿನಲ್ಲೋ ರುಬ್ಬಿದರೆ ಕೆಂಪು ಬಣ್ಣದ ಮುದ್ದೆಯಾಗುತ್ತದೆ. ಬಾವು ಬಂದ ಮೊಲೆಯ ಹಾಲನ್ನು ಪೂರ್ತಿ ಹಿಂಡಿ ತೆಗೆದು, ಕೆಚ್ಚಲನ್ನು ತೊಳೆದು, ಒಂದು ಹಿಡಿ ಮುದ್ದೆಗೆ 150ರಿಂದ 200 ಮಿಲಿ ನೀರು ಬೆರೆಸಿ ಕೆಚ್ಚಲಿಗೆಲ್ಲ ಹಚ್ಚಬೇಕು. ದಿನಕ್ಕೆ 10 ಸಲ, 5 ದಿನ. ಜೊತೆಗೆ ದಿನಕ್ಕೆ 2 ನಿಂಬೆಹಣ್ಣು ಹೆಚ್ಚಿ 3 ದಿನ ತಿನ್ನಿಸಬೇಕು. ಮುದ್ದೆಯನ್ನು ಪ್ರತಿದಿನ ಹೊಸದಾಗಿ ರುಬ್ಬಿಕೊಳ್ಳಿ.

ಬಹಳ ಮಂದಿ ಸೋಲುವುದು ಆ 10 ಸಲದ ಲೆಕ್ಕದಲ್ಲಿ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹಚ್ಚಿ, ಮದ್ದು ನಾಟಲಿಲ್ಲ ಎಂದುಬಿಡುತ್ತೇವೆ. ಹೊಲಕ್ಕೆ ಹೋಗುವ ಹೆಣ್ಣುಮಗಳು ಹತ್ತು ಸಲ ಹೇಗೆ ಹಚ್ಚಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿರುವ ಅತ್ತೆಗೆ, ಶಾಲೆಯಿಂದ ಬಂದ ಮಗನಿಗೆ ಪಾಳಿ ಹಂಚಿ. ಗಂಡಸರ ಕೈಗೂ ಅರಿಶಿನ ಹತ್ತಲಿ. ಬಾವು ಇರುವ ಮೊಲೆಯ ಹಾಲನ್ನು ಈ ದಿನಗಳಲ್ಲಿ ಕ್ಯಾನಿಗೆ ಸೇರಿಸಬಾರದು, ಕೊಟ್ಟಿಗೆಯ ನೆಲಕ್ಕೂ ಹಿಂಡಬಾರದು. ದೂರ ಸುರಿದು ಮಣ್ಣು ಮುಚ್ಚಿ.

ಈ ಮದ್ದು ಕೆಲಸ ಮಾಡುವುದು ಮೊದಲ ದಿನವೇ ಹಿಡಿದರೆ. ಹಾಲಿನಲ್ಲಿ ಸಣ್ಣ ಗರಣೆ, ಕೆಚ್ಚಲಿನಲ್ಲಿ ಸ್ವಲ್ಪ ಬಿಸಿ ಕಂಡಾಗ. ಆಕಳು ಮೇವು ಬಿಟ್ಟಿದ್ದರೆ, ಮೈ ಕಾದಿದ್ದರೆ, ಕೆಚ್ಚಲು ಕಲ್ಲಿನಂತಾಗಿದ್ದರೆ, ತಣ್ಣಗಾಗಿ ನೀಲಿಗಟ್ಟಿದ್ದರೆ ಲೋಳೆಸರ ರುಬ್ಬುತ್ತಾ ಕೂರಬೇಡಿ, ಅದೇ ಗಳಿಗೆ ಪಶುವೈದ್ಯರನ್ನು ಕರೆಸಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಮನೆಗೇ ಬರುವ ವ್ಯವಸ್ಥೆಯಿದೆ. ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವುದು ನಮ್ಮ ಜಿಲ್ಲೆಯ ಭಾಗ್ಯ. ವೈದ್ಯರು ಇಂಜೆಕ್ಷನ್ ಕೊಟ್ಟರೆ ಎಷ್ಟು ದಿನ ಹಾಲು ಹಾಕಬಾರದು ಎಂದು ಕೇಳಿ, ಅಷ್ಟು ದಿನ ಹಾಕಬೇಡಿ. ಮನೆಯಲ್ಲಿ ಏನೇನು ಹಚ್ಚಿದಿರಿ, ತಿನ್ನಿಸಿದಿರಿ ಎಂದು ಅವರಿಗೆ ಮುಚ್ಚಿಡಬೇಡಿ.

ಲೋಳೆಸರ ಮೂಲತಃ ಅರಬ್ ದೇಶದ ಗಿಡ ಎನ್ನುತ್ತಾರೆ ತಿಳಿದವರು. ಇರಲಿ, ಬಾಗಿಲ ಮೇಲೆ ಬೇರು ಮೇಲಾಗಿ ತೂಗಿದರೂ ಸಾಯದ ಗಿಡಕ್ಕೆ ನಮ್ಮ ಮನೆ ತವರೇ ಆಗಿಹೋಗಿದೆ. ಹಿತ್ತಲಲ್ಲಿ ಪಾತ್ರೆ ತೊಳೆದ ನೀರು ಹರಿಯುವ ಕಡೆ ನಾಲ್ಕು ಗಡ್ಡೆ ನೆಟ್ಟರೆ ಸಾಕು. ಪಕ್ಕದಲ್ಲೇ ಮಂಗರವಳ್ಳಿಯ ಒಂದು ತುಂಡು, ಬೇಲಿಗೆ ಲಕ್ಕಿ. ಲಕ್ಕಿಯನ್ನು ಆಡು ದನ ಮುಟ್ಟುವುದಿಲ್ಲ, ಬೇಲಿಗೆ ಅದಕ್ಕಿಂತ ಒಳ್ಳೆಯದು ಬೇಡ. ಅದರ ಸೊಪ್ಪನ್ನು ಬೇವಿನ ಸೊಪ್ಪಿನೊಂದಿಗೆ ಸಂಜೆ ಕೊಟ್ಟಿಗೆಯಲ್ಲಿ ಹೊಗೆ ಹಾಕಿದರೆ ಸೊಳ್ಳೆ, ನೊಣ ದೂರ. ಕೊಟ್ಟಿಗೆಯ ಬಾಗಿಲು ತೆರೆದಿಟ್ಟು, ಬಣವಿಯಿಂದ ದೂರ ಹೊಗೆ ಹಾಕಿ ಎಂದು ಬೇರೆ ಹೇಳಬೇಕಿಲ್ಲ.

ದೇವಣಿ ಆಕಳು ಕಟ್ಟಿದ ಮನೆಗಳಿಗೆ ಇದೆಲ್ಲ ಇನ್ನಷ್ಟು ಹತ್ತಿರದ ಮಾತು. ಬಾಲಂಕ್ಯಾ, ವನ್ನೇರಾ, ಶೇವೆರಾ ಎಂದು ಬಣ್ಣ ನೋಡಿ ಹೆಸರಿಡುವ ಈ ತಳಿ ಹುಟ್ಟಿದ್ದೇ ನಮ್ಮ ಬೀದರ್, ಪಕ್ಕದ ಲಾತೂರ್, ನಾಂದೇಡ್ ಸೀಮೆಯಲ್ಲಿ, ಇದೇ ಹುಲ್ಲು ಇದೇ ಬಿಸಿಲಿನಲ್ಲಿ. ಔರಾದ್ ಅಮರೇಶ್ವರ ಜಾತ್ರೆಯಲ್ಲಿ ಚೆಂದದ ದೇವಣಿಯ ಸುತ್ತ ಇಂದಿಗೂ ಜನ ಸೇರುತ್ತಾರೆ. ಮಿಶ್ರತಳಿಯಷ್ಟು ಹಾಲು ಕೊಡುವುದಿಲ್ಲ, ನಿಜ. ಆದರೆ ಅದಕ್ಕೆ ಬೇಕಾದದ್ದು ಹಿಂಡಿಗಿಂತ ಹೆಚ್ಚಾಗಿ ಮೇಯುವ ಜಾಗ. ಗಾಯರಾಣ ಉಳಿಯದೆ ದೇವಣಿ ಉಳಿಯಲಿ ಎಂದರೆ ಆಗುವ ಮಾತಲ್ಲ.

ಯಾವ ಬದುವಿನಲ್ಲಿ ಯಾವ ಗಿಡ, ಯಾವ ಎಲೆ ಯಾವ ಬೇನೆಗೆ ಎಂಬುದನ್ನು ಬಲ್ಲವರು ಊರಲ್ಲಿ ಇನ್ನೂ ನಾಲ್ಕಾರು ಹಿರಿಯ ಹೆಂಗಸರಿದ್ದಾರೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮೂಲಿಕೆ ಮತ್ತು ಜಾನುವಾರು ತಳಿಯ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ನಿಮ್ಮ ಗ್ರಾಮ ಪಂಚಾಯಿತಿಗೆ ಹೋದಾಗ ಆ ಪುಸ್ತಕ ತೋರಿಸಿ ಎಂದು ಕೇಳಿ. ಅದರಲ್ಲಿ ದೇವಣಿ ಇದೆಯೇ, ಮುತ್ತಲ ಇದೆಯೇ, ನಿಮ್ಮೂರ ಸೂಲಗಿತ್ತಿಯನ್ನು, ಕುರಿ ಕಾಯುವವನನ್ನು ಕೇಳಿ ಬರೆದದ್ದೇ ಎಂದು ನೋಡಿ.

ಮುತ್ತಲ ಹಾಕಬೇಕೆನ್ನುವವರಿಗೆ ಕೆಲಸ ಕಡಿಮೆ. ಮೇ ಜೂನ್ ಹೊತ್ತಿಗೆ ಕಾಯಿ ಒಣಗಿ ಉದುರುತ್ತದೆ. ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ. ಅದನ್ನು ವರ್ಷಗಟ್ಟಲೆ ಇಟ್ಟರೆ ಹುಟ್ಟುವುದಿಲ್ಲ, ಆದ್ದರಿಂದ ಆರಿಸಿದ ವರ್ಷವೇ ಮೊದಲ ಮಳೆಗೆ ಬದುವಿನ ಹೊರ ಅಂಚಿನಲ್ಲಿ ಬೆರಳುದ್ದ ಆಳಕ್ಕೆ ಊರಿ. ಮೊದಲ ಎರಡು ವರ್ಷ ಮೇಲೆ ಬೆಳವಣಿಗೆ ಕಾಣುವುದಿಲ್ಲ, ಬೇರು ಕೆಳಗಿಳಿಯುತ್ತಿರುತ್ತದೆ. ಟ್ರ್ಯಾಕ್ಟರ್ ಹೊಡೆಯುವವನಿಗೆ ಗೊತ್ತಾಗುವಂತೆ ಪಕ್ಕದಲ್ಲಿ ಒಂದು ಗೂಟ ಬಡಿದು, ಹಳೆಯ ಸೀರೆಯ ಚೂರು ಕಟ್ಟಿ.