ಪಟ್ಟಣಕ್ಕೂ ಒಂದು ಸಭೆ ಬೇಕು

ನಾನು ಹುಟ್ಟಿ ಬೆಳೆದ ಹಳ್ಳಿ ಈಗ ಹಳ್ಳಿಯಲ್ಲ. ಪಕ್ಕದ ಪಟ್ಟಣ ಬೆಳೆಯುತ್ತ ಬೆಳೆಯುತ್ತ ನಮ್ಮ ಕೆರೆಯಂಗಳದ ತನಕ ಲೇಔಟುಗಳಾದವು. ಕೆಲವು ವರ್ಷಗಳ ಹಿಂದೆ ಸರ್ಕಾರ ನಮ್ಮೂರನ್ನೂ ನಗರಸಭೆಯ ವ್ಯಾಪ್ತಿಗೆ ಸೇರಿಸಿತು. ಪಂಚಾಯಿತಿ ಕಚೇರಿಯ ಬೋರ್ಡು ಇಳಿಯಿತು. ಬೀದಿಗೆ ವಾರ್ಡ್ ನಂಬರು ಬಂತು. ಮನೆ ಕಂದಾಯ ಏರಿತು. ಉದ್ಯೋಗ ಖಾತರಿ ಗ್ರಾಮೀಣ ಪ್ರದೇಶದ ಯೋಜನೆಯಾದ್ದರಿಂದ ಆ ಕೂಲಿಯೂ ನಿಂತಿತು. ಇವನ್ನೆಲ್ಲ ಊರವರು ಬೆರಳು ಮಡಚಿ ಲೆಕ್ಕ ಹೇಳುತ್ತಾರೆ. ಆದರೆ ಕೈಬಿಟ್ಟುಹೋದ ಇನ್ನೊಂದು ಸಂಗತಿ ನಮ್ಮ ಎದುರುಮನೆಯ ಅಜ್ಜಿ ಹೇಳುವ ತನಕ ನನಗೂ ಹೊಳೆದಿರಲಿಲ್ಲ. 'ಮೊದ್ಲು ಶಾಲೆ ಬಯಲಲ್ಲಿ ಸಭೆ ಕರೀತಿದ್ರು ಕಣಪ್ಪ. ಹೋಗಿ ಎದ್ದು ನಿಂತು ಕೇಳ್ತಿದ್ವಿ. ಈಗ ಎಲ್ಲಿ ಹೋಗಿ ಕೇಳೋದು?'

ಆ ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟಾಗ ನನಗೆ ಸಿಕ್ಕಿದ್ದು ನಮ್ಮ ಕಾನೂನಿನಲ್ಲೇ ಇರುವ ಒಂದು ದೊಡ್ಡ ಖಾಲಿ ಜಾಗ.

ಒಂದೇ ವರ್ಷ ಬಂದ ಎರಡು ತಿದ್ದುಪಡಿ

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. 74ನೆಯದು ಅದೇ ವರ್ಷ ಜೂನ್ 1ರಂದು. ಮೊದಲನೆಯದು ಪಂಚಾಯಿತಿಗಳಿಗೆ, ಎರಡನೆಯದು ಪಟ್ಟಣ ಮತ್ತು ನಗರಗಳಿಗೆ. ಎರಡನ್ನೂ ಅವಳಿಗಳೆಂದೇ ಕರೆಯುವುದು ರೂಢಿ. ಎರಡರಲ್ಲೂ ಐದು ವರ್ಷದ ಅವಧಿ ಇದೆ, ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದ ಮೀಸಲಾತಿ ಇದೆ, ರಾಜ್ಯ ಚುನಾವಣಾ ಆಯೋಗ ಇದೆ, ಹಣಕಾಸು ಆಯೋಗ ಇದೆ. ಆದರೆ ಹಳ್ಳಿಯ ತಿದ್ದುಪಡಿಯಲ್ಲಿ ಗ್ರಾಮಸಭೆ ಇದೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಪಟ್ಟಣದ ತಿದ್ದುಪಡಿಯಲ್ಲಿ ಅದಕ್ಕೆ ಸಾಟಿಯಾದದ್ದು ಯಾವುದೂ ಇಲ್ಲ. ವಾರ್ಡ್ ಸಮಿತಿಗಳ ಮಾತು ಬರುತ್ತದೆ ನಿಜ. ಅದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ ಕಡ್ಡಾಯ.

ಇದನ್ನು ನಮ್ಮ ರಾಜ್ಯದ ಲೆಕ್ಕಕ್ಕೆ ಹಚ್ಚಿ ನೋಡಿ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಪ್ರಕಾರ ಸುಮಾರು 10ರಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರಕ್ಕೆ ಪುರಸಭೆ, 50 ಸಾವಿರ ದಾಟಿ 3 ಲಕ್ಷದೊಳಗಿದ್ದರೆ ನಗರಸಭೆ. ಅದನ್ನು ಮೀರಿದರೆ ಮಹಾನಗರ ಪಾಲಿಕೆ. ಅಂದರೆ ನಮ್ಮ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳ ಜನ ಈ 3 ಲಕ್ಷದ ಗೆರೆಯಿಂದ ಈಚೆಗೇ ಉಳಿದಿದ್ದಾರೆ. ಹಳ್ಳಿಯವರಿಗೆ ಗ್ರಾಮಸಭೆ ಉಂಟು, ಮಹಾನಗರದವರಿಗೆ ಕಾಗದದ ಮೇಲಾದರೂ ವಾರ್ಡ್ ಸಮಿತಿ ಉಂಟು. ನಡುವಿನ ಊರುಗಳ ಜನರಿಗೆ ಎರಡೂ ಇಲ್ಲ.

ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1983ರ ಪಂಚಾಯತ್ ಕಾಯ್ದೆಯ ಮೂಲಕ, ದೇಶಕ್ಕೇ ಮೇಲ್ಪಂಕ್ತಿಯಾದ ರಾಜ್ಯ ನಮ್ಮದು. ಗ್ರಾಮಸಭೆಯ ಮಾತು ನಮ್ಮ ಹಳ್ಳಿಗರ ಕಿವಿಗೆ ಬಿದ್ದದ್ದು ಸಂವಿಧಾನದ ತಿದ್ದುಪಡಿಗಿಂತ ಮೊದಲೇ. ಅಂಥ ರಾಜ್ಯದಲ್ಲಿ ಊರು ದೊಡ್ಡದಾದ ಕೂಡಲೇ ಜನರ ಬಾಯಿ ಕಟ್ಟಿದಂತಾಗುವುದು ನನಗೆ ತುಂಬ ನೋವಿನ ಸಂಗತಿಯಾಗಿ ಕಾಣುತ್ತದೆ.

ಸಭಾಂಗಣದ ಒಳಗೆ

ನಗರಸಭೆಯಲ್ಲಿ ಸಭೆ ನಡೆಯುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನಡೆಯುತ್ತದೆ. ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಸೇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ಪೌರಾಯುಕ್ತರು. ಎದುರಿಗೆ ಗೆದ್ದು ಬಂದ ಸದಸ್ಯರು, ಮತದ ಹಕ್ಕಿಲ್ಲದ ನಾಮನಿರ್ದೇಶಿತ ಸದಸ್ಯರು. ಕ್ಷೇತ್ರದ ಶಾಸಕರು ಮತ್ತು ಸಂಸದರೂ ಅಲ್ಲಿ ಸದಸ್ಯರೇ, ಅಧ್ಯಕ್ಷರ ಆಯ್ಕೆಯಲ್ಲಿ ಅವರಿಗೂ ಮತವಿದೆ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುತ್ತಾರೆ. ಆಮೇಲೆ ಜಮಾಖರ್ಚು, ಟೆಂಡರ್ ದರಗಳ ಮಂಜೂರಾತಿ, ಮಳಿಗೆಗಳ ಹರಾಜು, ಕುಡಿಯುವ ನೀರಿನ ಮೋಟಾರು ದುರಸ್ತಿ, ಬೀದಿದೀಪ, ಒಳಚರಂಡಿ. ಈಗಾಗಲೇ ಮಾಡಿ ಮುಗಿಸಿದ ಖರ್ಚಿಗೆ ಘಟನೋತ್ತರ ಮಂಜೂರಾತಿ ಕೇಳುವ ವಿಷಯಗಳೂ ಇರುತ್ತವೆ.

ಆ ಸಭಾಂಗಣದಲ್ಲಿ ಎದ್ದು ನಿಂತು ಮಾತಾಡುವ ಹಕ್ಕು ನಾಗರಿಕರಿಗೆ ಇಲ್ಲ. ಅವರ ಮಾತೇನಿದ್ದರೂ ಸದಸ್ಯರ ಬಾಯಿಂದಲೇ ಬರಬೇಕು. ಸದಸ್ಯರು ಒಳ್ಳೆಯವರಾದರೆ ಬಂತು, ಇಲ್ಲದಿದ್ದರೆ ಮುಂದಿನ ಚುನಾವಣೆಯ ತನಕ ಕಾಯಬೇಕು.

ಹಳ್ಳಿಗೂ ಪಟ್ಟಣಕ್ಕೂ ಇರುವ ಅಂತರ ಕಣ್ಣಿಗೆ ರಾಚುವುದು ಮನೆ ಹಂಚಿಕೆಯಲ್ಲಿ. ಹಳ್ಳಿಯಲ್ಲಿ ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕು. ಹೆಸರು ಓದುವಾಗ ಊರೇ ಎದುರಿಗಿರುತ್ತದೆ. 'ಅವರಿಗೆ ಆಗಲೇ ಮನೆ ಇದೆಯಲ್ಲ' ಎಂದು ಒಬ್ಬ ಕೂಲಿಕಾರ್ಮಿಕ ಹೆಂಗಸು ಎದ್ದು ಹೇಳಬಹುದು. ಪಟ್ಟಣದಲ್ಲಿ ಇದೇ ಕೆಲಸ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ ನಡೆಯುತ್ತದೆ. ಸಮಿತಿ ಎಷ್ಟೇ ಪ್ರಾಮಾಣಿಕವಾಗಿ ನಡೆದುಕೊಂಡರೂ ಆ ಹೆಂಗಸಿಗೆ ಅಲ್ಲಿ ನಿಲ್ಲಲು ಜಾಗವಿಲ್ಲ.

ಖಾಲಿ ಕುರ್ಚಿಯ ವರ್ಷಗಳು

ಸದಸ್ಯರ ಮೂಲಕವೇ ಎಲ್ಲವೂ ಆಗಬೇಕೆಂದರೆ ಸದಸ್ಯರಿಗಾದರೂ ಅಧಿಕಾರ ಸಮಯಕ್ಕೆ ಸಿಗಬೇಕು. ಅದೂ ಸಿಗಲಿಲ್ಲ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. ಗೆದ್ದವರು ಹಾರ ಹಾಕಿಸಿಕೊಂಡು ಮನೆಗೆ ಹೋದರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಬಹುಪಾಲು ಊರುಗಳಲ್ಲಿ ಅಧ್ಯಕ್ಷರ ಆಯ್ಕೆಯಾದದ್ದು 2020ರ ಕೊನೆಯ ತಿಂಗಳುಗಳಲ್ಲಿ. ಎರಡು ವರ್ಷ ಆಡಳಿತಾಧಿಕಾರಿಗಳೇ ಊರು ನಡೆಸಿದರು. ಕೊರೊನಾದ ಮೊದಲ ಅಲೆ, ಲಾಕ್‌ಡೌನ್ ಎಲ್ಲ ಬಂದು ಹೋದದ್ದು ಈ ಅವಧಿಯಲ್ಲೇ.

ನಮ್ಮಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು. ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಗೆ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕುರ್ಚಿ ಖಾಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತದೆ. ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಇದನ್ನೇ ಒತ್ತಿ ಹೇಳಿತು, 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಮತ್ತೆ ಹೇಳಿತು. ಆದರೂ ಗೆದ್ದವರು ಕಾಯುತ್ತಲೇ ಇದ್ದರು. ಆ ವರ್ಷಗಳಲ್ಲಿ ಪ್ರತಿ ವಾರ್ಡಿನಲ್ಲೂ ಒಂದು ಸಭೆ ಜೀವಂತವಾಗಿದ್ದಿದ್ದರೆ ಆಡಳಿತಾಧಿಕಾರಿಗಳ ಎದುರಿಗೆ ಊರಿನ ದನಿ ಎಂಬುದೊಂದು ಇರುತ್ತಿತ್ತು.

ನಮ್ಮದೇ ದುಡ್ಡು, ನಾವು ಕೇಳದ ಲೆಕ್ಕ

ಸಭೆ ಸೇರಿ ಮಾತಾಡುವುದಾದರೂ ಏನನ್ನು? ಮೊದಲು ಕಂದಾಯದ ರಸೀದಿ ತೆಗೆದು ನೋಡಿ. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆಂದು ಎಲ್ಲರಿಗೂ ಗೊತ್ತು. ಆಸ್ತಿ ತೆರಿಗೆಯ ಜೊತೆಗೆ ಉಪಕರಗಳೂ ಇರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತೆರಿಗೆಯ ಪ್ರತಿ ನೂರು ರೂಪಾಯಿಗೆ 15 ರೂಪಾಯಿ ಆರೋಗ್ಯ ಕರ, 6 ರೂಪಾಯಿ ಗ್ರಂಥಾಲಯ ಕರ, 3 ರೂಪಾಯಿ ಭಿಕ್ಷುಕರ ಕರ. ಊರಿನ ಗ್ರಂಥಾಲಯದ ಮೇಲ್ಛಾವಣಿ ಸೋರುತ್ತಿದ್ದರೆ, ಹೊಸ ಪುಸ್ತಕ ಬಂದು ವರ್ಷಗಳೇ ಆಗಿದ್ದರೆ, ಆ ಆರು ರೂಪಾಯಿ ಗ್ರಂಥಾಲಯ ಇಲಾಖೆಗೆ ತಲುಪಿತೇ ಎಂದು ಕೇಳಲು ಅಲ್ಲಿ ಓದುವ ಪಿಯುಸಿ ಹುಡುಗನಿಗೂ ಅಧಿಕಾರವಿದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ನಗರಸಭೆಯ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಪ್ರತಿಭಾವಂತ ವಿದ್ಯಾರ್ಥಿಯ ಫೀಸು, ಹೊಲಿಗೆ ಯಂತ್ರ, ತ್ರಿಚಕ್ರ ವಾಹನ, ಕಾಲೊನಿಯ ಚರಂಡಿ ಎಲ್ಲ ಇದರಲ್ಲೇ ಆಗಬೇಕು. ಅರ್ಜಿ ಕರೆದದ್ದು ಯಾವಾಗ, ಹಾಕಿದವರು ಯಾರು, ಸಿಕ್ಕಿದ್ದು ಯಾರಿಗೆ, ಉಳಿದ ಹಣ ಏನಾಯಿತು? ನೋಟಿಸ್ ಬೋರ್ಡಿಗೆ ಅಂಟಿಸಿದ ಹಾಳೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ವಾರ್ಡಿನ ಜನರ ಎದುರು ಪಟ್ಟಿ ಓದಿದರೆ ಕೊಡುತ್ತದೆ.

ಬಜೆಟ್‌ಗೆ ಮುಂಚೆ ನಗರಸಭೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ಪದ್ಧತಿ ಇದೆ. ಅದು ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ, ಇಡೀ ಊರಿಗೆ ಸೇರಿ ಒಂದು ಸಭಾಂಗಣದಲ್ಲಿ, ಕೆಲಸದ ದಿನ ಬೆಳಿಗ್ಗೆ ಕರೆದರೆ ಬರುವವರು ಯಾರು? ನಿವೃತ್ತರು, ವರ್ತಕರ ಸಂಘದವರು, ನಮ್ಮಂಥ ಬರೆಯುವವರು. ತಳ್ಳುಗಾಡಿಯವರಿಗೆ, ಮನೆಗೆಲಸದವರಿಗೆ, ಬೆಳಗಿನ ಪಾಳಿ ಮುಗಿಸಿದ ಪೌರಕಾರ್ಮಿಕರಿಗೆ ಅಲ್ಲಿಗೆ ಬರಲಾಗುವುದಿಲ್ಲ.

ನೆರೆಯವರು ಮಾಡಿದ್ದಾರೆ

ಚಿಕ್ಕ ಊರಿಗೆ ಇದೆಲ್ಲ ಆಗುವುದೇ ಎಂಬ ಅನುಮಾನಕ್ಕೆ ಉತ್ತರ ಗಡಿಯಾಚೆಗೇ ಇದೆ. 1994ರ ಕೇರಳ ಮುನ್ಸಿಪಾಲಿಟಿ ಕಾಯ್ದೆಯಲ್ಲಿ 1 ಲಕ್ಷ ಮೀರದ ಊರುಗಳ ಪ್ರತಿ ವಾರ್ಡಿಗೂ ವಾರ್ಡ್ ಸಭೆ ಇದೆ, ಅದರಲ್ಲಿ ಎಲ್ಲ ಮತದಾರರೂ ಸದಸ್ಯರು. ಅದಕ್ಕಿಂತ ದೊಡ್ಡ ಊರುಗಳಿಗೆ ವಾರ್ಡ್ ಸಮಿತಿ. ಪಶ್ಚಿಮ ಬಂಗಾಳ ಚಿಕ್ಕ ಮುನ್ಸಿಪಾಲಿಟಿಗಳಿಗೂ ವಾರ್ಡ್ ಸಮಿತಿ ಕೊಟ್ಟಿತು. ತಮಿಳುನಾಡು 2022ರಲ್ಲಿ ವಾರ್ಡ್ ಸಮಿತಿ ಮತ್ತು ಪ್ರದೇಶ ಸಭೆಗಳಿಗೆ ನಿಯಮ ಹೊರಡಿಸಿತು. ಇವರಿಗೆಲ್ಲ ಸಂವಿಧಾನದ 3 ಲಕ್ಷದ ಗೆರೆ ಅಡ್ಡ ಬರಲಿಲ್ಲ. ಅದು ಕನಿಷ್ಠ ಮಿತಿ ಮಾತ್ರ, ಅದಕ್ಕಿಂತ ಹೆಚ್ಚು ಕೊಡುವುದು ರಾಜ್ಯದ ಕೈಯಲ್ಲಿದೆ.

ಲೆಕ್ಕವೂ ಕಷ್ಟದ್ದಲ್ಲ. 70 ಸಾವಿರ ಜನರಿರುವ, 31 ವಾರ್ಡುಗಳ ಒಂದು ನಗರಸಭೆ ತೆಗೆದುಕೊಳ್ಳಿ. ಒಂದು ವಾರ್ಡಿಗೆ ಸುಮಾರು 2,250 ಜನ. ಒಂದು ಹಳ್ಳಿಯಷ್ಟೇ. ಸರ್ಕಾರಿ ಶಾಲೆಯ ಬಯಲಿನಲ್ಲೋ ದೇವಸ್ಥಾನದ ಅಂಗಳದಲ್ಲೋ ಭಾನುವಾರ ಸಂಜೆ ಸೇರಬಹುದಾದಷ್ಟು ಮಂದಿ. ನೀರು ಬಿಡುವವರು, ಆರೋಗ್ಯ ನಿರೀಕ್ಷಕರು, ಕಿರಿಯ ಎಂಜಿನಿಯರ್, ಬಿಲ್ ಕಲೆಕ್ಟರ್ ನಾಲ್ವರು ಬಂದು ಕೂತರೆ ವಾರ್ಡಿನ ಅರ್ಧ ತೊಂದರೆಗೆ ಅಲ್ಲೇ ದಿನಾಂಕ ಗೊತ್ತಾಗುತ್ತದೆ.

ಹಳ್ಳಿಯ ಗ್ರಾಮಸಭೆಗಳೇ ಹಲವೆಡೆ ಹೆಸರಿಗೆ ನಡೆಯುತ್ತವೆ, ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಾರೆ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಿಯಲ್ಲಿ ಸಭೆ ಕರೆಯದಿದ್ದರೆ 'ಯಾಕೆ ಕರೆದಿಲ್ಲ' ಎಂದು ಕಾನೂನು ತೋರಿಸಿ ಕೇಳಬಹುದು. ಪಟ್ಟಣದಲ್ಲಿ ಆ ಪ್ರಶ್ನೆ ಕೇಳುವುದಕ್ಕೇ ಆಧಾರವಿಲ್ಲ.

ಚಿಕ್ಕ ಊರಿನ ದೊಡ್ಡ ಕೆಲಸ

ನಗರಸಭೆಗೆ ಅಧಿಕಾರವೇ ಇಲ್ಲ, ಸಭೆ ಸೇರಿ ಏನು ಪ್ರಯೋಜನ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಸಂವಿಧಾನದ 12ನೇ ಅನುಸೂಚಿ 18 ವಿಷಯಗಳನ್ನು ಪಟ್ಟಿ ಮಾಡಿದೆ, ಮೊದಲನೆಯದೇ ನಗರ ಯೋಜನೆ. ಆದರೆ ನಮ್ಮ ಎಷ್ಟೋ ಊರುಗಳಲ್ಲಿ ಯೋಜನೆ ರೂಪಿಸುವುದು ನಗರಾಭಿವೃದ್ಧಿ ಪ್ರಾಧಿಕಾರ. ನೀರು, ಒಳಚರಂಡಿಯ ದೊಡ್ಡ ಕಾಮಗಾರಿ ಮಾಡುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ನಗರಸಭೆಯ ಪಾಲಿಗೆ ಉಳಿಯುವುದು ಹೆಚ್ಚಾಗಿ ಕಸ, ದೀಪ, ಖಾತೆ, ಲೈಸೆನ್ಸು.

ಹಾಗಿದ್ದೂ ಉಡುಪಿಯನ್ನು ನೆನೆಯಬೇಕು. 1968ರಲ್ಲಿ ಡಾ. ವಿ.ಎಸ್. ಆಚಾರ್ಯ ಎಂಬ ಎಳೆವಯಸ್ಸಿನ ವೈದ್ಯರು ಅಲ್ಲಿನ ಪುರಸಭೆಯ ಅಧ್ಯಕ್ಷರಾದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಆ ಊರು ಅವರ ಆಡಳಿತದಲ್ಲಿ ನಿಲ್ಲಿಸಿತು. ದೇಶಕ್ಕೆ ಇದರ ಬಗ್ಗೆ ಕಾಯ್ದೆ ಬಂದದ್ದು 1993ರಲ್ಲಿ. ದೆಹಲಿ ಎರಡು ದಶಕ ತಡವಾಗಿ ಮಾಡಿದ್ದನ್ನು ಕರಾವಳಿಯ ಒಂದು ಪುಟ್ಟ ಪುರಸಭೆ ಮೊದಲೇ ಮಾಡಿ ತೋರಿಸಿತು. ಪಕ್ಷ ಯಾವುದೇ ಇರಲಿ, ಊರಿನ ಸಂಸ್ಥೆ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆ ಮನಸ್ಸು ಐದು ವರ್ಷಕ್ಕೊಮ್ಮೆ ಒತ್ತುವ ಗುಂಡಿಯಿಂದ ಹುಟ್ಟುವುದಿಲ್ಲ. ಊರಿನ ಜನ ಆಗಾಗ ಮುಖಾಮುಖಿ ಕೂತು ಮಾತಾಡಿದಾಗ ಹುಟ್ಟುತ್ತದೆ.

ಕೈಲಾಗುವ ಕೆಲಸ

ಪೌರಸಭೆಗಳ ಕಾಯ್ದೆಗೆ ತಿದ್ದುಪಡಿ ತಂದು, ಪಟ್ಟಣ ಪಂಚಾಯಿತಿಯಿಂದ ನಗರಸಭೆಯ ತನಕ ಪ್ರತಿ ವಾರ್ಡಿಗೂ ವರ್ಷಕ್ಕೆ ಎರಡು ಸಭೆ ಕಡ್ಡಾಯ ಮಾಡುವುದು ವಿಧಾನಸೌಧದ ಕೆಲಸ. ಫಲಾನುಭವಿಗಳ ಪಟ್ಟಿ ಮತ್ತು ವಾರ್ಡಿನ ಖರ್ಚಿನ ಲೆಕ್ಕ ಆ ಸಭೆಯಲ್ಲಿ ಓದಲೇಬೇಕೆಂದು ಅದರಲ್ಲಿ ಬರೆಯಬೇಕು. ನಿಮ್ಮ ಶಾಸಕರು ಮುಂದಿನ ಬಾರಿ ಮನೆ ಬಾಗಿಲಿಗೆ ಬಂದಾಗ ರಸ್ತೆಯ ಜೊತೆಗೆ ಇದನ್ನೂ ಕೇಳಿ.

ಅಲ್ಲಿಯ ತನಕ ಕೈ ಕಟ್ಟಿ ಕೂರಬೇಕಾಗಿಲ್ಲ. ನಿಮ್ಮ ವಾರ್ಡಿನ ಸದಸ್ಯರನ್ನು ಕರೆದು ಒಂದು ಭಾನುವಾರ ಬೀದಿಯವರೆಲ್ಲ ಸೇರಿ, ಯಾವ ಕಾನೂನೂ ಅದನ್ನು ತಡೆಯುವುದಿಲ್ಲ. ಕಳೆದ ಮೂರು ಸಾಮಾನ್ಯ ಸಭೆಗಳ ನಡಾವಳಿಯ ಪ್ರತಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ, 30 ದಿನದೊಳಗೆ ಉತ್ತರ ಬರಬೇಕು. ಬಂದದ್ದನ್ನು ಬೀದಿಯವರ ಎದುರು ಗಟ್ಟಿಯಾಗಿ ಓದಿ. ಬೀದಿಯ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದು ಸದಸ್ಯರ ಕೈಗೆ ಕೊಡಿ.

ನಮ್ಮೂರಿನ ಶಾಲೆ ಬಯಲು ಈಗಲೂ ಹಾಗೇ ಇದೆ. ಅಲ್ಲಿ ಮತ್ತೆ ಜಮಖಾನ ಹಾಸಿ ಆ ಅಜ್ಜಿಯನ್ನು ಕರೆಯಬೇಕಾದವರು ನಾವು.