ತೆರೆಯ ಮೇಲಿನ ಚೆಂಡು

ಅಂತರ್ಜಾಲದಲ್ಲಿ ವಿದ್ಯಾರ್ಥಿಗಳಿಗೆ ಉಚಿತವಾಗಿ ದೊರೆಯುವ ರಚನಾಸಾಧನಗಳಲ್ಲಿ ‘ಸ್ಕ್ರ್ಯಾಚ್’ ಎಂಬುದು ಒಂದು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೀಡಿಯಾ ಲ್ಯಾಬಿನಲ್ಲಿ ಸಿದ್ಧವಾದ ಇದು 2007ರಲ್ಲಿ ಸಾರ್ವಜನಿಕ ಬಳಕೆಗೆ ಬಂದಿತು. ಇದರಲ್ಲಿ ಆಜ್ಞೆಗಳು ಬಣ್ಣದ ಬಿಲ್ಲೆಗಳ ರೂಪದಲ್ಲಿರುತ್ತವೆ. ಅವನ್ನು ಒಂದರ ಕೆಳಗೊಂದು ಜೋಡಿಸಿದರೆ 480 ಮಾನ ಅಗಲ, 360 ಮಾನ ಎತ್ತರದ ಪುಟ್ಟ ರಂಗದ ಮೇಲೆ ಚಿತ್ರಗಳು ಅದರಂತೆ ಚಲಿಸುತ್ತವೆ. ಕಥೆಗೂ ಆಟಕ್ಕೂ ಇದನ್ನು ಬಳಸುವುದುಂಟು. ಆದರೆ ಭೌತವಿಜ್ಞಾನದ ವಿದ್ಯಾರ್ಥಿಯು ಇದರಲ್ಲಿ ಒಂದು ಚೆಂಡನ್ನು ಬೀಳಿಸಿ ನೋಡಬೇಕು.

ಬೀಳುವ ವಸ್ತುವಿನ ವೇಗ ಸಮನಾಗಿ ಹೆಚ್ಚುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿಯೇ. ಯಂತ್ರಕ್ಕೆ ಇದನ್ನು ತಿಳಿಸುವುದು ಹೇಗೆ? ಗಣಕಯಂತ್ರದೊಳಗೆ ಕಾಲವು ಹೊಳೆಯಂತೆ ಹರಿಯದು, ಹೆಜ್ಜೆಹೆಜ್ಜೆಯಾಗಿ ನಡೆಯುತ್ತದೆ. ಆದುದರಿಂದ ಪ್ರತಿ ಹೆಜ್ಜೆಗೂ ಎರಡು ಆಜ್ಞೆ ಬೇಕು: ‘ವೇಗದಷ್ಟು ಕೆಳಗೆ ಸರಿ’, ‘ವೇಗವನ್ನು 1ರಷ್ಟು ಹೆಚ್ಚಿಸು’. ಇವುಗಳಲ್ಲಿ ಯಾವುದು ಮೊದಲು? ಯಾವುದಾದರೇನು ಎಂದು ತೋರುವುದು ಸಹಜ. ತರಗತಿಯನ್ನು ಎರಡು ತಂಡಗಳಾಗಿ ಮಾಡಿ, ಒಂದೊಂದು ತಂಡಕ್ಕೆ ಒಂದೊಂದು ಕ್ರಮವನ್ನು ವಹಿಸಿದರೆ ಉತ್ತರ ದೊರೆಯುವುದು.

ಲೆಕ್ಕ ಹಾಕಿ ನೋಡೋಣ. ನಿಶ್ಚಲ ಸ್ಥಿತಿಯಿಂದ ಹೊರಟ ಚೆಂಡು ಮೊದಲು ಸರಿದು ಆಮೇಲೆ ವೇಗ ಹೆಚ್ಚಿಸಿಕೊಂಡರೆ, ಹತ್ತು ಹೆಜ್ಜೆಗಳಲ್ಲಿ 0, 1, 2 ಎಂದು 9ರವರೆಗೆ ಕೂಡಿ 45 ಮಾನ ಇಳಿಯುತ್ತದೆ. ಬಿಲ್ಲೆಗಳನ್ನು ಅದಲುಬದಲು ಮಾಡಿದರೆ 1ರಿಂದ 10ರವರೆಗೆ ಕೂಡಿ 55 ಮಾನ. ಪಠ್ಯಪುಸ್ತಕದ ಸೂತ್ರದಂತೆ ಇಳಿಯಬೇಕಾದುದು 50! ಕಣ್ಣಿಗಾದರೋ ಎರಡೂ ಪತನಗಳು ನಿಜವೆಂದೇ ಕಾಣುತ್ತವೆ.

ಇನ್ನು ಚೆಂಡು ಪುಟಿಯಲಿ. ಮೊದಲ ಕ್ರಮದಲ್ಲಿ 45 ಮಾನ ಕೆಳಗಿನ ನೆಲವನ್ನು ಮುಟ್ಟಿದಾಗ ವೇಗ 10 ಆಗಿರುತ್ತದೆ. ಅದರ ದಿಕ್ಕನ್ನು ಮಾತ್ರ ತಿರುಗಿಸಿ, ಮೇಲೇರುವಾಗ ಹೆಜ್ಜೆಗೆ 1ರಂತೆ ಕಳೆಯುತ್ತ ಹೋದರೆ ಚೆಂಡು 10, 9, 8 ಎಂದು ಸರಿದು 55 ಮಾನ ಏರುತ್ತದೆ. ಮರುಸಲ 66, ಆ ಬಳಿಕ 78. ಬಿಟ್ಟ ಎತ್ತರಕ್ಕಿಂತ ಮೇಲೆ ನೆಗೆಯುವ ಚೆಂಡನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಶಕ್ತಿಸಂರಕ್ಷಣೆಯ ನಿಯಮವನ್ನು ತೆರೆಯು ಅರಿಯದು. ಅದು ಅರಿತಿರುವುದು ನಮ್ಮ ಆಜ್ಞೆಯನ್ನು ಮಾತ್ರ. ಇನ್ನೊಂದು ಕ್ರಮದಲ್ಲಿ 55ರಿಂದ ಬಿದ್ದ ಚೆಂಡು 45ಕ್ಕೇ ನಿಲ್ಲುತ್ತದೆ. ಇದು ಇನ್ನೂ ಅಪಾಯಕರವೆಂದು ನನ್ನ ಅಭಿಪ್ರಾಯ. ಏಕೆಂದರೆ ನಿಜವಾದ ಚೆಂಡೂ ಪುಟಿದಂತೆಲ್ಲ ತಗ್ಗುವುದರಿಂದ ಯಾರಿಗೂ ಸಂಶಯ ಬಾರದು.

ದೋಷವನ್ನು ತಗ್ಗಿಸುವ ಉಪಾಯವುಂಟು. ಪ್ರತಿಯೊಂದು ಹೆಜ್ಜೆಯನ್ನೂ ಎರಡಾಗಿ ಒಡೆದು, ಅರ್ಧ ಹೆಜ್ಜೆಗೆ ವೇಗವನ್ನು ½ರಷ್ಟು ಹೆಚ್ಚಿಸುತ್ತ, ಚೆಂಡನ್ನು ಆಗಿನ ವೇಗದ ಅರ್ಧದಷ್ಟು ಸರಿಸಿದರೆ, 45 ಮತ್ತು 55ರ ಬದಲು 47.5 ಮತ್ತು 52.5 ಬರುತ್ತವೆ. ಹೆಜ್ಜೆಯ ಆರಂಭದ ಹಾಗೂ ಅಂತ್ಯದ ವೇಗಗಳ ಸರಾಸರಿಯಷ್ಟು ಸರಿಸಿದರಂತೂ ಸರಿಯಾಗಿ 50. (ಹೀಗೇಕೆಂದು ವೇಗ-ಕಾಲದ ನಕ್ಷೆ ಬರೆದು ನೋಡುವ ಕೆಲಸವನ್ನು ವಾಚಕರಿಗೆ ಬಿಟ್ಟಿದ್ದೇನೆ.)

ಆದರೂ ಪ್ರಾಜೆಕ್ಟು ಇಲ್ಲಿಗೇ ಮುಗಿಯದು. ಗೋಡೆಗೆ ಅಳತೆಪಟ್ಟಿಯನ್ನು ನಿಲ್ಲಿಸಿ, ಅದರ ಪಕ್ಕದಲ್ಲಿ ರಬ್ಬರ್ ಚೆಂಡೊಂದನ್ನು 100 ಸೆಂಟಿಮೀಟರ್ ಎತ್ತರದಿಂದ ಬಿಡಿ. ಮೊಬೈಲಿನಲ್ಲಿ ಚಿತ್ರೀಕರಿಸಿ, ಪುಟಿದ ಎತ್ತರವನ್ನು ಓದಿಕೊಳ್ಳಿ. ಅದು 64 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಆಗ ಪುಟಿಯುವ ಕ್ಷಣದಲ್ಲಿ ವೇಗವನ್ನು ಗುಣಿಸಬೇಕಾದುದು 0.64ರಿಂದಲ್ಲ, ಎತ್ತರವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 0.8ರಿಂದ. ಹೀಗೆ ತಿದ್ದಿದ ತೆರೆಯ ಚೆಂಡು ಎರಡನೆಯ ಸಲ ಸುಮಾರು 41 ಸೆಂಟಿಮೀಟರಿಗೆ ಸಮನಾದ ಎತ್ತರಕ್ಕೆ ಏರಬೇಕು. ರಬ್ಬರ್ ಚೆಂಡು ಎರಡನೆಯ ಸಲ ಎಷ್ಟು ಏರಿತೆಂಬುದು ಅದೇ ಚಿತ್ರಸುರುಳಿಯಲ್ಲಿದೆ, ಅಳೆದು ನೋಡಿ.