ನೆರಳು ನೋಡಿ ಬಿಸಿಲಿಗೆ ಹೋಗೋಣ



'ಕಣ್ಣು ಕೆಟ್ಟ ಮೇಲೆ ಸೂರ್ಯ ನಮಸ್ಕಾರ' ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಆ ಸೂರ್ಯನಿಂದಲೇ ಕಣ್ಣು ಕೆಡಬಹುದು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಸೂರ್ಯನಿಲ್ಲದೆ ಮಳೆ, ಬೆಳೆ ಇಲ್ಲ. ಮೂಳೆಗೆ ಬೇಕಾದ 'ಡಿ' ಜೀವಸತ್ವವನ್ನು ನಮ್ಮ ಚರ್ಮ ತಯಾರಿಸುವುದೂ ಬಿಸಿಲಿನಿಂದಲೇ. ಆದ್ದರಿಂದ ಬಿಸಿಲನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಬಿಸಿಲಲ್ಲಿ ಹುಷಾರಾಗಿರುವುದು ಹೇಗೆ ಎಂದು ಹೇಳಲು ಬರೆಯುತ್ತಿದ್ದೇನೆ.

ಸೂರ್ಯನ ಬೆಳಕು ಕಣ್ಣಿಗೆ ಕಾಣುತ್ತೆ. ಶಾಖ ಮೈಗೆ ತಿಳಿಯುತ್ತೆ. ಇವುಗಳ ಜೊತೆ ಬರುವ ನೇರಳಾತೀತ ಕಿರಣ ಮಾತ್ರ ಕಾಣುವುದೂ ಇಲ್ಲ, ಬಿಸಿ ಅಂತ ತಿಳಿಯುವುದೂ ಇಲ್ಲ. 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಅವರು ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಒಡೆದು, ನೇರಳೆ ಬಣ್ಣದ ಆಚೆ ಏನೂ ಕಾಣದ ಜಾಗದಲ್ಲಿ ಬೆಳ್ಳಿಯ ಲವಣ ಇಟ್ಟರು. ಅದು ಬೇಗ ಕಪ್ಪಾಯಿತು!

ಈ ಕಿರಣಗಳಲ್ಲಿ ತುಂಬಾ ಅಪಾಯಕಾರಿಯಾದದ್ದನ್ನು ಮೇಲಿರುವ ಓಝೋನ್ ಪದರ ಪೂರ್ತಿ ತಡೆಯುತ್ತದೆ. ಉಳಿದದ್ದು ನೆಲಕ್ಕೆ ಬರುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಕಿರಣಗಳು ಗಾಳಿಯಲ್ಲಿ ಸಾಗುವ ದಾರಿ ಕಡಿಮೆ. ಅದಕ್ಕೇ ಆಗ ಹೆಚ್ಚು ಬರುತ್ತವೆ.

ಕಾಣದ ಕಿರಣವನ್ನು ಅಳೆಯೋದು ಹೇಗೆ? ನಮ್ಮ ನೆರಳಿನಿಂದ! ನೆರಳು ನಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದು ಅರ್ಥ. ಫೆಬ್ರವರಿಯಲ್ಲಿ ನಾನು ನಮ್ಮ ಶಾಲೆಯ ಮೈದಾನದಲ್ಲಿ ಅಳೆದು ನೋಡಿದೆ. ಬೆಳಿಗ್ಗೆ 9ಕ್ಕೆ ನೆರಳು ನನಗಿಂತ ಉದ್ದ. 10 ಗಂಟೆ ಸುಮಾರಿಗೆ ನನ್ನಷ್ಟೇ. ಮಧ್ಯಾಹ್ನ 1ಕ್ಕೆ ನನ್ನ ಅರ್ಧದಷ್ಟು. 3 ಗಂಟೆ ಹೊತ್ತಿಗೆ ಮತ್ತೆ ನನ್ನಷ್ಟೇ ಆಯಿತು.

'ಇವತ್ತು ಮೋಡ ಇದೆ, ತಂಪಾಗಿದೆ, ಏನಾಗಲ್ಲ ಬಿಡು' ಅಂತೀವಿ. ಆದರೆ ತೆಳು ಮೋಡ ಇದ್ದರೆ ಈ ಕಿರಣಗಳಲ್ಲಿ ನೂರಕ್ಕೆ 80ರವರೆಗೂ ಕೆಳಗೆ ಬರಬಹುದು. ಬೆಂಗಳೂರಿನಲ್ಲಿ ಸೂರ್ಯ ನೇರ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಆಗಸ್ಟ್ ಮಳೆಗಾಲ, ಸೆಖೆ ಇರಲ್ಲ. ಸೂರ್ಯ ಮಾತ್ರ ಏಪ್ರಿಲ್‌ನಷ್ಟೇ ಎತ್ತರದಲ್ಲಿ ಇರುತ್ತಾನೆ!

ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಇದೆ. ಕಪ್ಪು ಮೈಯಲ್ಲಿ ಅದು ಹೆಚ್ಚು, ಹಾಗಾಗಿ ರಕ್ಷಣೆಯೂ ಹೆಚ್ಚು. ಕಪ್ಪಗಿದ್ದೀವಿ ಅಂತ ಯಾರೂ ಬೇಜಾರು ಮಾಡ್ಕೋಬೇಡಿ! ಆದರೆ ಆ ರಕ್ಷಣೆ ಕಣ್ಣಿಗೆ ಸಾಲದು. ನಮ್ಮಜ್ಜಿ ಚಿಕ್ಕಂದಿನಿಂದ ಮಟಮಟ ಮಧ್ಯಾಹ್ನವೂ ಕಳೆ ಕಿತ್ತವರು. ಅವರ ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ವಯಸ್ಸಾದಂತೆ ಪೊರೆ ಬರುವುದು ಸಹಜ. ವರ್ಷಗಟ್ಟಲೆ ಬಿದ್ದ ಬಿಸಿಲೂ ಅದಕ್ಕೆ ಒಂದು ಕಾರಣ ಎಂದು ವೈದ್ಯರು ಹೇಳುತ್ತಾರೆ.

ಸೂರ್ಯನನ್ನು ನೇರವಾಗಿ ನೋಡುವುದಂತೂ ಬೇಡವೇ ಬೇಡ. ಕಣ್ಣಿನ ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟರೂ ಆಗ ಗೊತ್ತಾಗುವುದಿಲ್ಲ. 2019ರ ಡಿಸೆಂಬರ್ 26ರಂದು ನಮ್ಮ ರಾಜ್ಯದ ದಕ್ಷಿಣದ ಕೆಲವು ಕಡೆ ಕಂಕಣ ಸೂರ್ಯಗ್ರಹಣ ಕಂಡಿತ್ತು. ಅಂಥ ಗ್ರಹಣ ಮತ್ತೆ ಬಂದಾಗ ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು ಹಿಡಿದು ನೋಡಬೇಡಿ. ರಟ್ಟಿಗೆ ಸಣ್ಣ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ, ಬಿಂಬವನ್ನು ಗೋಡೆ ಮೇಲೆ ಬೀಳಿಸಿ ನೋಡಿ.

ನಾವು ಮಾಡಬಹುದಾದದ್ದು:

1. ಹೊಲಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಹಾಕಿ. ತಲೆಗೆ ಟವೆಲ್, ಸೆರಗು ಅಥವಾ ಅಗಲ ಅಂಚಿನ ಟೋಪಿ ಇರಲಿ. ಒತ್ತಾಗಿ ನೇಯ್ದ ಬಟ್ಟೆ ಒಳ್ಳೆಯದು.

2. ಕೊಡೆ ಮಳೆಗೆ ಮಾತ್ರ ಅಲ್ಲ, ಬಿಸಿಲಿಗೂ ಹಿಡಿಯಿರಿ. ನಾಚಿಕೆ ಬೇಡ.

3. ಜಾತ್ರೆಯ ಕಪ್ಪು ಕನ್ನಡಕ ನಂಬಬೇಡಿ. ನೇರಳಾತೀತ ಕಿರಣ ತಡೆಯದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ, ಕಿರಣ ಇನ್ನೂ ಹೆಚ್ಚು ಒಳಗೆ ಹೋಗಬಹುದು. ಕೊಳ್ಳುವಾಗ 'ಯುವಿ 400' ರಕ್ಷಣೆ ಇದೆಯೇ ಎಂದು ಕೇಳಿ.

ಕೊನೆಗೆ ಗುರುಗಳಲ್ಲಿ ಒಂದು ವಿನಂತಿ. ನಮ್ಮ ಕಬಡ್ಡಿ, ಖೋಖೋ ಅಭ್ಯಾಸ ಮಧ್ಯಾಹ್ನ 2 ಗಂಟೆಗೆ ಇದೆ. ಅದನ್ನು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅಥವಾ ಸಂಜೆ 4ಕ್ಕೆ ಇಟ್ಟರೆ ಎಲ್ಲರಿಗೂ ಒಳ್ಳೆಯದು. ಗೆಳೆಯರೇ, ನೀವೂ ನಾಳೆ ಊಟದ ಬೆಲ್ ಹೊಡೆದಾಗ ನಿಮ್ಮ ನೆರಳು ಅಳೆದು ನೋಡಿ. ಮನೆಗೆ ಹೋಗಿ ಅಪ್ಪ ಅಮ್ಮನಿಗೂ ಹೇಳಿ.